ತೋಳಬಂದಿ ಸುಳ್ಳು ಹೇಳಲ್ಲ

ಮೂತ್ರಪಿಂಡದ ಜೀವಕೋಶಕ್ಕೆ ಕಿವಿಯೂ ಉಂಟು, ಬಾಯಿಯೂ ಉಂಟು ಎಂದು ಡಾಕ್ಟರ್ ಶಾಂಭವಿ ಭಾಷಣದಲ್ಲಿ ಹೇಳಿದಾಗ ಮುಂದೆ ಕೂತಿದ್ದ ಕಾಲೇಜು ಹುಡುಗಿಯರು ಕಿಸಕ್ಕೆಂದಿದ್ದರು. ನಗಲಿ ಬಿಡಿ, ಮಾತಂತೂ ನಿಜ. ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ತೊಗರಿಬೇಳೆಯಷ್ಟು ಗಾತ್ರದ ನಾಲ್ಕು ಗ್ರಂಥಿಗಳು ಅಂಟಿಕೊಂಡಿರುತ್ತವೆ. ಹೆಸರು ಪ್ಯಾರಾಥೈರಾಯ್ಡ್. ರಕ್ತದಲ್ಲಿ ಕ್ಯಾಲ್ಸಿಯಂ ಒಂದಿಷ್ಟು ಇಳಿದರೆ ಸಾಕು, ಅವು ಒಂದು ಹಾರ್ಮೋನನ್ನು ಹರಿಯಬಿಡುತ್ತವೆ. ಅದು ಅಮೈನೋ ಆಮ್ಲಗಳೆಂಬ ಎಂಬತ್ನಾಲ್ಕು ಮಣಿಗಳ ಸರ. ಆ ಸರದ ತಲೆಯ ಕಡೆಯ ಮಣಿಗಳು ಮೂತ್ರಪಿಂಡದ ಕೋಶದ ಕಿವಿಗೆ ತಾಗಿದವೋ, ಅಪ್ಪಣೆ ಆಯಿತೆಂದೇ ಲೆಕ್ಕ. ಕ್ಯಾಲ್ಸಿಯಂ ಹಿಡಿದಿಟ್ಟುಕೋ, ರಂಜಕವನ್ನು, ಅಂದರೆ ಫಾಸ್ಫರಸ್ಸನ್ನು ಮೂತ್ರಕ್ಕೆ ತಳ್ಳು, ಡಿ ವಿಟಮಿನ್ನನ್ನು ಚುರುಕು ಮಾಡು. ಅಪ್ಪಣೆ ಪಾಲಿಸುವುದಷ್ಟೇ ಅಲ್ಲ, ಬಂದ ಹಾರ್ಮೋನನ್ನು ಬಾಯಿಂದ ನುಂಗಿ ಚೂರುಚೂರು ಮಾಡಿ ಮುಗಿಸುವ ಕೆಲಸವೂ ಇದೇ ಕೋಶದ್ದು.

ಮೂತ್ರಪಿಂಡ ಕೆಟ್ಟವರ ಪಾಡು ಬೇರೆ. ಅಪ್ಪಣೆ ಕೇಳುವವರೇ ಇಲ್ಲ, ಗ್ರಂಥಿಗಳು ಕೂಗುವುದನ್ನು ನಿಲ್ಲಿಸುವುದಿಲ್ಲ. ಹಾರ್ಮೋನು ಏರುತ್ತಾ ಏರುತ್ತಾ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ತಿನ್ನತೊಡಗುತ್ತದೆ. ಅದನ್ನು ಸುಮ್ಮನಾಗಿಸಲು ಔಷಧಿ ಇದೆ. ಆದರೆ ಎಷ್ಟು ಕೊಡಬೇಕು? ಕಡಿಮೆಯಾದರೆ ಮೂಳೆ ಸವೆಯುತ್ತದೆ, ಹೆಚ್ಚಾದರೆ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುವುದನ್ನೇ ಬಿಟ್ಟು ಮಲಗಿಬಿಡುತ್ತದೆ. ಪ್ರತಿ ಗಂಟೆಯೂ ಹಾರ್ಮೋನು ಅಳೆದು, ಅಷ್ಟಕ್ಕೆ ಅಷ್ಟೇ ಔಷಧಿ ಬಿಡುವ ಒಂದು ಸಾಧನ ತೋಳಿನಲ್ಲೇ ಇದ್ದರೆ ಹೇಗೆ? ಈ ಒಂದು ಪ್ರಶ್ನೆ ಹಿಡಿದುಕೊಂಡು ಶಾಂಭವಿ ದಾವಣಗೆರೆಯ ಸಂಶೋಧನಾ ಕೇಂದ್ರದಲ್ಲಿ ಒಂಬತ್ತು ವರ್ಷ ಸವೆಸಿದ್ದಳು.

ಹಾಗೆ ಹುಟ್ಟಿದ್ದು ತೋಳಬಂದಿ. ಕಾಗದದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು, ಯಾರೂ ಆ ಹೆಸರಿನಿಂದ ಕರೆಯಲಿಲ್ಲ. ಎರಡು ಬೆರಳಗಲದ ಪಟ್ಟಿ, ಒಳಗೆ ಸಾಕಿ ಬೆಳೆಸಿದ ಮೂತ್ರಪಿಂಡದ ಕೋಶಗಳು, ಪಕ್ಕದಲ್ಲೊಂದು ಪುಟ್ಟ ಔಷಧಿ ಡಬ್ಬಿ. ಕೋಶ ಹಾರ್ಮೋನನ್ನು ನುಂಗಿದಾಗಲೆಲ್ಲ ಒಳಗೆ ಮಿಣಕ್ಕನೆ ಬೆಳಕು ಬರುವಂತೆ ಶಾಂಭವಿ ಮಾಡಿದ್ದಳು. ಬೆಳಕು ಎಣಿಸಿದರೆ ಹಾರ್ಮೋನು ಎಷ್ಟೆಂದು ಗೊತ್ತಾಗುತ್ತಿತ್ತು. ಅಂಕಿ ಮೊಬೈಲಿಗೆ ಬರುತ್ತಿತ್ತು, ಪಟ್ಟಿಯ ಅಂಚು ಹಸಿರೋ ಕೆಂಪೋ ಆಗುತ್ತಿತ್ತು. ಕಿವಿಗೆ ಕೇಳಿಸಿದ್ದನ್ನು ಅಳೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಳೆಯಬಹುದಿತ್ತು. ಆದರೆ ಆ ಸದ್ದು ತೀರಾ ಸಣ್ಣದು, ಹಿಡಿಯುವುದು ಕಷ್ಟ. ಬಾಯಿಯ ಲೆಕ್ಕ ಸಲೀಸು.

ಆ ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಏನೇ ಹೊಸದು ಮಾಡಲಿ, ಮೊದಲು ತಮ್ಮ ಮೈಮೇಲೆ, ಆಮೇಲೆ ರೋಗಿಯ ಮೈಮೇಲೆ. ಮುಖ್ಯಸ್ಥರಾದ ನಾಡಿಗೇರ ಸರ್ ಹಾಕಿಕೊಟ್ಟ ಶಿಸ್ತು ಅದು. "ನಮ್ಮ ತೋಳು ಒಪ್ಪದೇ ಇದ್ದದ್ದನ್ನ ಇನ್ನೊಬ್ಬರ ತೋಳಿಗೆ ಕಟ್ಟೋ ಹಕ್ಕು ನಮಗಿಲ್ಲ" ಎನ್ನುತ್ತಿದ್ದರು. ಹದಿನೆಂಟು ಜನ ಮೂರು ತಿಂಗಳು ತೋಳಬಂದಿ ಕಟ್ಟಿಕೊಂಡು ಓಡಾಡಿದರು. ತಾಳೆ ನೋಡಲೆಂದು ಬೆಳಿಗ್ಗೆ ಎದ್ದು ರಕ್ತ ಕೊಟ್ಟರು. ಒಂದು ಅಂಕಿಯೂ ತಪ್ಪಲಿಲ್ಲ. ಆಮೇಲೆ ರೋಗಿಗಳಿಗೆ ಕಟ್ಟಿದಾಗ ಅಂಕಿ ಜಾಸ್ತಿ ಬಂತು, ನಿಜ. ಕಿಡ್ನಿ ಹೋದವರಲ್ಲಿ ಹಾರ್ಮೋನು ಜಾಸ್ತಿ ಇರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ, ಯಾರೂ ಹುಬ್ಬೇರಿಸಲಿಲ್ಲ, ರಕ್ತ ತೆಗೆದು ತಾಳೆ ನೋಡಲೂ ಇಲ್ಲ.

ಒಟ್ಟು ನಾನೂರ ಹನ್ನೆರಡು ಜನರಿಗೆ ತೋಳಬಂದಿ ಕಟ್ಟಿದರು. ಅವರಲ್ಲಿ ಒಬ್ಬರು ಶಾಂಭವಿಯ ಮನೆಯಲ್ಲೇ ಇದ್ದರು. ಗಂಡ ಮರುಳಸಿದ್ಧನ ಅಕ್ಕ, ಸರ್ವಮಂಗಳಾ.

ಸರ್ವಮಂಗಳಾ ಅಂದರೆ ಸಾಮಾನ್ಯದ ಹೆಂಗಸಲ್ಲ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮದುವೆ ಬೇಡವೆಂದು ಗಟ್ಟಿಯಾಗಿ ಹೇಳಿ, ಖೋಖೋ ತಂಡ ಕಟ್ಟಿಕೊಂಡು ಜಿಲ್ಲೆಯೆಲ್ಲ ಸುತ್ತಿದವರು. ಸೀಟಿ ಊದಿದರೆ ಮೈದಾನದ ಆಚೆಯ ನಾಯಿಯೂ ನಿಲ್ಲುತ್ತಿತ್ತು. ನಿವೃತ್ತಿಯಾದ ವರ್ಷವೇ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಬೆಳಿಗ್ಗೆ ಡಯಾಲಿಸಿಸ್‌ಗೆ ಹೋಗಿ, ಮಧ್ಯಾಹ್ನ ಬಸವಳಿದು ಬಂದು ಮಲಗುತ್ತಿದ್ದರು. ಎಡಗೈ ಸೂಜಿಗೆ ಮೀಸಲಾಗಿತ್ತು. ಬಲತೋಳಿಗೆ ತೋಳಬಂದಿ ಬಂದ ದಿನ ಬೀದಿಯವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. "ನಮ್ಮ ಶಾಂಭವಿ ಮಾಡಿದ್ದು ಕಣ್ರೇ. ನಿಮ್ಮ ಸೊಸೆಯರು ಏನ್ ಮಾಡ್ಯಾರೆ? ರೀಲ್ಸ್ ಮಾಡ್ಯಾರೆ."

ಮೊದಲೆರಡು ತಿಂಗಳು ಎಲ್ಲ ನೆಟ್ಟಗಿತ್ತು. ಮೂರನೆಯ ತಿಂಗಳಿಂದ ಅಂಕಿ ಏರತೊಡಗಿತು. ತೋಳಬಂದಿ ಔಷಧಿ ಹೆಚ್ಚಿಸಿತು, ಅಂಕಿ ಇಳಿಯಲಿಲ್ಲ. ಮತ್ತಷ್ಟು ಹೆಚ್ಚಿಸಿತು, ಮತ್ತಷ್ಟು ಏರಿತು. ಔಷಧಿ ಹೋದರೂ ಹಾರ್ಮೋನು ಏರಬೇಕಾದರೆ ಶಾಂಭವಿಗೆ ತೋಚಿದ ಕಾರಣ ಒಂದೇ. ರಂಜಕ ಜಾಸ್ತಿ ಇರುವ ತಿಂಡಿ ಹೊಟ್ಟೆಗೆ ಹೋಗುತ್ತಿದೆ. ಶೇಂಗಾ, ಹುರಿಗಡಲೆ, ಮೊಸರು, ಹಾಲು. ಡಯಾಲಿಸಿಸ್‌ನವರಿಗೆ ಇವೆಲ್ಲ ಅಳತೆ ಮೀರದಂತೆ ಮಾತ್ರ.

"ಅತ್ತಿಗೆಮ್ಮ, ಹಗಲಲ್ಲಿ ಏನಾದ್ರೂ ಬಾಯಾಡಿಸ್ತೀರಾ?"

"ಇಲ್ವಲ್ಲಮ್ಮ. ನೀನು ಬರೆದುಕೊಟ್ಟ ಚೀಟಿ ಬಿಟ್ಟು ಒಂದು ಕಾಳು ಆಚೀಚೆ ಇಲ್ಲ."

"ಹಂಗಾದ್ರೆ ಅಂಕಿ ಯಾಕೆ ಏರುತ್ತೆ?"

"ಅದನ್ನ ಮಾಡಿದೋಳು ನೀನು. ನನ್ನ ಕೇಳಿದ್ರೆ?"

ಸರ್ವಮಂಗಳಾ ನಕ್ಕೇ ಹೇಳಿದ್ದರು. ಶಾಂಭವಿಗೆ ಅದು ಕೊಂಕಿನಂತೆ ಕೇಳಿಸಿತು. ಪಕ್ಕೆಲುಬು ಚುಚ್ಚುತ್ತದೆ, ಸೊಂಟ ಹಿಡಿಯುತ್ತದೆ ಎಂದಾಗಲೂ "ಕದ್ದು ತಿಂದರೆ ಹಂಗೇ ಆಗೋದು" ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಮನಸ್ಸಿನಲ್ಲಿದ್ದದ್ದು ಎಷ್ಟು ದಿನ ಮನಸ್ಸಿನಲ್ಲೇ ಇರುತ್ತದೆ?

ಒಂದು ಭಾನುವಾರ ಸಂಜೆ ನೆಂಟರು ಬಂದಿದ್ದರು. ದಾವಣಗೆರೆಯ ಮನೆ, ಸಂಜೆ, ನೆಂಟರು ಅಂದಮೇಲೆ ಕೇಳಬೇಕೇ? ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬೋಂಡ. ಸರ್ವಮಂಗಳಾ ತಟ್ಟೆ ಹಂಚುತ್ತಿದ್ದರು. ಅವರ ತೋಳಿನ ಪಟ್ಟಿ ಕೆಂಪಗೆ ಉರಿಯುತ್ತಿತ್ತು. ಯಾರೋ ಒಬ್ಬರು "ಇದ್ಯಾಕೆ ಕೆಂಪಾಗೈತೆ?" ಎಂದು ಕೇಳಿಬಿಟ್ಟರು.

ಶಾಂಭವಿಯ ಬಾಯಿಂದ ಮಾತು ಹೊರಬಿತ್ತು. "ಕೆಂಪಾಗ್ದೆ ಇನ್ನೇನಾಗುತ್ತೆ? ನಾವೆಲ್ಲ ಮನೆ ಬಿಟ್ಟ ಮೇಲೆ ಶೇಂಗಾ ಡಬ್ಬಿಗೆ ಕೈ ಹಾಕಿದ್ರೆ?"

ಕೋಣೆಯಲ್ಲಿ ಮಂಡಕ್ಕಿ ಅಗಿಯುವ ಸದ್ದೂ ನಿಂತಿತು.

"ನಾನು ಮುಟ್ಟಿಲ್ಲ, ಶಾಂಭವಿ" ಎಂದರು ಸರ್ವಮಂಗಳಾ.

"ತೋಳಬಂದಿ ಸುಳ್ಳು ಹೇಳಲ್ಲ, ಅತ್ತಿಗೆಮ್ಮ."

ಮರುಳಸಿದ್ಧ ಮಧ್ಯೆ ಬಂದ. ಹೆಂಡತಿಯ ಪರವಾಗಿಯೇ ಬಂದ, ಪಾಪ. "ಅಕ್ಕಾ, ತಿಂದಿದ್ರೆ ತಿಂದೆ ಅನ್ನು. ಯಾರು ನಿನ್ನ ನೇಣಿಗೆ ಹಾಕ್ತಾರೆ?"

ಮಾರನೆಯ ದಿನ ಶಾಂಭವಿ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿ, ಬೀಗದಕೈಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡು ಕೆಲಸಕ್ಕೆ ಹೋದಳು. ಸರ್ವಮಂಗಳಾ ಬಾಗಿಲಲ್ಲಿ ನಿಂತು ನೋಡಿದರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಶೇಂಗಾಕ್ಕೆ ಹೋತು ನೋಡು" ಎಂದರು. ಶಾಂಭವಿ ಗಾಡಿ ಸ್ಟಾರ್ಟ್ ಮಾಡಿದಳು. ಬೀಗ ಹಾಕಿದ ಮೇಲೂ ಅಂಕಿ ಏರಿತು. ಆಗ ಆಕೆಗೆ ಬಂದ ಯೋಚನೆ ಏನು ಗೊತ್ತೇ? ಪಕ್ಕದ ಮನೆಯವರು ಕಿಟಕಿಯಿಂದ ಕೊಡುತ್ತಿರಬೇಕು ಅಂತ! ಇಷ್ಟು ಓದಿದವಳ ಬುದ್ಧಿ ಅಲ್ಲಿಗೆ ಹೋಯಿತೇ ಹೊರತು ಸಾಧನದ ಕಡೆಗೆ ತಿರುಗಲಿಲ್ಲ. ಬೇರೆ ರೋಗಿಗಳ ತೋಳಬಂದಿ ಕೆಂಪಾದಾಗಲೂ ಅವರೂ ಪಥ್ಯ ಮುರಿದಿದ್ದಾರೆ ಎಂದೇ ಅಂದುಕೊಂಡಳು.

ಮೂರು ವಾರ ಕಳೆದಿತ್ತು. ಬುಧವಾರ ಮಧ್ಯಾಹ್ನ ಮರುಳಸಿದ್ಧನ ಫೋನು ಬಂತು. ಅಕ್ಕನ ಬಲತೋಳು ಮುರಿದಿದೆ, ಆಸ್ಪತ್ರೆಗೆ ಬಾ. ಡಯಾಲಿಸಿಸ್ ಮುಗಿಸಿ ಬಂದು ಒಬ್ಬರೇ ಇದ್ದಾಗ ಬಚ್ಚಲಲ್ಲಿ ಜಾರಿದರಂತೆ. ಮೂಳೆ ಡಾಕ್ಟರು ಸರಳು ಕೂರಿಸುವಾಗ ತೋಳಬಂದಿ ಬಿಚ್ಚಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಶಾಂಭವಿಯ ಕೈಗೆ ಕೊಟ್ಟರು.

ವಾರದ ನಂತರ ಅವರೇ ಕರೆದು ಕೂರಿಸಿ ಹೇಳಿದರು. "ಮೇಡಂ, ಮುರಿದ ಜಾಗದ ಒಂದು ಚೂರು ಪರೀಕ್ಷೆಗೆ ಕಳಿಸಿದ್ದೆ. ಹಾರ್ಮೋನು ಜಾಸ್ತಿ ಅಂದ್ರಲ್ಲ ನೀವು? ಜಾಸ್ತಿ ಇದ್ದಿದ್ರೆ ಮೂಳೆಯನ್ನ ಅದು ಕೊರೆದು ತಿಂದಿರಬೇಕಿತ್ತು. ಇಲ್ಲಿ ಕೊರೆಯೋರೂ ಇಲ್ಲ, ಕಟ್ಟೋರೂ ಇಲ್ಲ. ಈ ಮೂಳೆ ಮಲಗಿಬಿಟ್ಟಿದೆ. ಹಾರ್ಮೋನು ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ ಆದಾಗ ಹಿಂಗಾಗೋದು."

"ಸಾಧ್ಯ ಇಲ್ಲ ಸರ್" ಎಂದಳು ಶಾಂಭವಿ.

ಅಲ್ಲಿಂದ ಸೀದಾ ಪ್ರಯೋಗಾಲಯಕ್ಕೆ ಹೋದಳು. ಸರ್ವಮಂಗಳಾ ಅವರ ರಕ್ತದ ಒಂದು ಮಾದರಿಯನ್ನು ಸಹಾಯಕಿ ಜಬೀನಾ ತರಿಸಿದಳು. ಅದನ್ನು ತೋಳಬಂದಿಯ ಕೋಶಗಳಿಗೆ ಸೇರಿಸಿ, ಆವತ್ತು ಮೊದಲ ಸಲ ಅವರು ಬಾಯಿಯ ಜೊತೆಗೆ ಕಿವಿಯನ್ನೂ ಪರೀಕ್ಷೆ ಮಾಡಿದರು. ಹಾರ್ಮೋನಿನ ಅಪ್ಪಣೆ ಕೇಳಿಸಿದಾಗ ಕೋಶದೊಳಗೆ ಒಂದು ರಾಸಾಯನಿಕ ಏರುತ್ತದೆ, ಅದನ್ನು ಅಳೆಯಲು ಪೂರ್ತಿ ಒಂದು ದಿನ ಹಿಡಿಯಿತು. ಮರುದಿನ ಮಧ್ಯಾಹ್ನ ಫಲಿತಾಂಶ ಬಂದಾಗ ಜಬೀನಾ ಎರಡು ಸಲ ಕನ್ನಡಕ ಒರೆಸಿಕೊಂಡಳು.

"ಮೇಡಂ, ನುಂಗಿದ್ದು ರಾಶಿ ಇದೆ. ಕೇಳಿಸಿಕೊಂಡಿದ್ದು ಏನೂ ಇಲ್ಲ."

"ಏನು ನುಂಗಿದೆ ನೋಡು."

ನೋಡಿದರು. ಇಡೀ ಸರಗಳು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ತಲೆ ಹೋದ ತುಂಡುಗಳು. ಕಿವಿಗೆ ತಲೆ ಬೇಕು, ಬಾಯಿಗೆ ಏನಾದರೂ ಆದೀತು. ಆರೋಗ್ಯವಂತರ ಮೈಯಲ್ಲಿ ಈ ತುಂಡುಗಳನ್ನು ಅವರ ಮೂತ್ರಪಿಂಡವೇ ಗುಡಿಸಿ ಎಸೆಯುತ್ತಿತ್ತು. ಪ್ರಯೋಗಾಲಯದ ಹದಿನೆಂಟು ತೋಳುಗಳಿಗೂ ಹದಿನೆಂಟು ಜೊತೆ ಗಟ್ಟಿಮುಟ್ಟಾದ ಮೂತ್ರಪಿಂಡಗಳಿದ್ದವು, ಅದಕ್ಕೇ ಅಂಕಿ ತಪ್ಪಿರಲಿಲ್ಲ. ಮೂತ್ರಪಿಂಡ ಇಲ್ಲದವರ ರಕ್ತದಲ್ಲಿ ತುಂಡುಗಳು ಹಾಗೇ ಉಳಿದು ಉಳಿದು ಬೆಟ್ಟವಾಗುತ್ತಿದ್ದವು. ತೋಳಬಂದಿ ಅದನ್ನೆಲ್ಲ ಹಾರ್ಮೋನು ಎಂದು ಎಣಿಸಿ ಔಷಧಿ ಸುರಿಯುತ್ತಿತ್ತು. ಔಷಧಿ ಬಿದ್ದಷ್ಟೂ ಗ್ರಂಥಿ ಇಡೀ ಸರ ಬಿಡುವುದನ್ನು ಕಡಿಮೆ ಮಾಡಿ ತುಂಡುಗಳನ್ನೇ ಹೆಚ್ಚು ಬಿಡುತ್ತಿತ್ತು. ಅಂಕಿ ಇಳಿಯುವುದಾದರೂ ಹೇಗೆ?

ಶಾಂಭವಿ ಸ್ಟೂಲಿನ ಮೇಲೆ ಕೂತಳು. ಮುಖಕ್ಕೆ ಯಾರೋ ಬಿಸಿ ಬೂದಿ ಎರಚಿದಂತಾಯಿತು. ಮೊದಲು ನಮ್ಮ ಮೈಮೇಲೆ ಎಂಬ ಆ ಪದ್ಧತಿಯನ್ನು ಎಷ್ಟು ಸಭೆಗಳಲ್ಲಿ ಎದೆ ಉಬ್ಬಿಸಿ ಹೇಳಿಕೊಂಡಿದ್ದಳು! ಅತ್ತಿಗೆ ಒಂದು ಕಾಳನ್ನೂ ಕದ್ದಿರಲಿಲ್ಲ. ನೆಂಟರ ಮುಂದೆ ಅವರನ್ನು ಕಳ್ಳಿ ಎಂದದ್ದು ತಾನು. ಮೂಳೆ ನೋವು ಎಂದಾಗ ಮುಖ ತಿರುಗಿಸಿದ್ದು ತಾನು. ನಾಚಿಕೆಯಿಂದ ಜಬೀನಾಳ ಮುಖ ನೋಡಲೂ ಆಗಲಿಲ್ಲ.

ನಾಡಿಗೇರ ಸರ್ ಎಲ್ಲವನ್ನೂ ಕೇಳಿಸಿಕೊಂಡರು. ಕೈಬೆರಳ ಲಟಿಕೆ ಮುರಿದರು. "ಈಗಲೇ ಎಲ್ಲ ತೋಳಬಂದಿಗಳ ಔಷಧಿ ನಿಲ್ಲಿಸು" ಎಂದರು. ಅಷ್ಟು ಮಟ್ಟಿಗೆ ಅವರು ಸಜ್ಜನರೇ. ಅರ್ಧ ಗಂಟೆಯಲ್ಲಿ ನಾನೂರ ಹನ್ನೊಂದು ಡಬ್ಬಿಗಳೂ ಮುಚ್ಚಿಕೊಂಡವು. ಆಮೇಲೆ ಹೇಳಿದರು, "ತಾಂತ್ರಿಕ ಕಾರಣ ಅಂತ ಒಂದು ಮೆಸೇಜ್ ಹಾಕು. ಅಂಕಿ ಕಾಣಿಸೋದು ಬೇಡ. ಕಿವಿ ಓದೋ ಹೊಸ ಪಟ್ಟಿ ಮಾಡಿ, ಆರು ತಿಂಗಳಲ್ಲಿ ಬದಲಾಯಿಸಿಬಿಡೋಣ."

"ಅವರಿಗೆ ಹೇಳೋದು ಬೇಡ್ವಾ ಸರ್?"

"ಊರಿಗೆಲ್ಲ ಡಂಗುರ ಹೊಡೆದು ಏನು ಸಾಧಿಸ್ತೀಯಮ್ಮ? ಹಾನಿ ನಿಂತಿತಲ್ಲ. ಒಂಬತ್ತು ವರ್ಷದ ಕೆಲಸ. ನಾಳೆ ಇನ್ಯಾರೂ ನಮ್ಮಿಂದ ಒಂದು ಬ್ಯಾಂಡೇಜ್ ಪಟ್ಟೀನೂ ತಗೊಳ್ಳಲ್ಲ."

ಶಾಂಭವಿ ತಲೆಯಾಡಿಸಿದಳು. ಹೌದು, ಒಪ್ಪಿಕೊಂಡೇ ತಲೆಯಾಡಿಸಿದಳು. ಆ ಮೆಸೇಜನ್ನು ಟೈಪ್ ಮಾಡಿದ್ದೂ ಅವಳೇ. ತಾಂತ್ರಿಕ ಕಾರಣಗಳಿಂದ ಸೇವೆ ತಾತ್ಕಾಲಿಕವಾಗಿ ಸ್ಥಗಿತ. ಕಳಿಸಿದಾಗ ಒಂದು ಕ್ಷಣ ಹಾಯೆನಿಸಿತು, ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಎರಡು ದಿನ ಮನೆಯಲ್ಲಿ ಕಳ್ಳಬೆಕ್ಕಿನಂತೆ ಓಡಾಡಿದಳು. ಕಪಾಟಿನ ಬೀಗ ತೆಗೆದಳು, ಯಾಕೆಂದು ಹೇಳಲಿಲ್ಲ. ಅತ್ತಿಗೆಗೆ ತಾನೇ ತಲೆ ಬಾಚಿದಳು, ಅನ್ನ ಕಲಸಿ ತುತ್ತು ಮಾಡಿ ಕೊಟ್ಟಳು. ಸರ್ವಮಂಗಳಾ ಪ್ರತಿ ತುತ್ತಿಗೂ "ಇದನ್ನ ತಿನ್ನಬಹುದಾ?" ಎಂದು ಕೇಳಿ ಬಾಯಿ ತೆರೆಯುತ್ತಿದ್ದರು. ಮೈದಾನದಲ್ಲಿ ಇನ್ನೂರು ಮಕ್ಕಳನ್ನು ಒಂದು ಸೀಟಿಯಲ್ಲಿ ನಿಲ್ಲಿಸಿದ್ದ ಹೆಂಗಸು, ಹುಳಿಯಲ್ಲಿ ಬಿದ್ದಿದ್ದ ಒಂದು ಬೇಳೆಗೆ ಅಪ್ಪಣೆ ಕೇಳುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಶಾಂಭವಿ ತಡೆಯಲಾರದೆ ಹೋದಳು. ತಟ್ಟೆ ಕೆಳಗಿಟ್ಟು ಮಂಚದ ಪಕ್ಕ ನೆಲದ ಮೇಲೆ ಕೂತಳು.

"ಅತ್ತಿಗೆಮ್ಮ, ನೀವು ಏನೂ ಕದ್ದು ತಿಂದಿರಲಿಲ್ಲ."

"ಅಂದ್ರೆ?"

ಹೇಳಿದಳು. ತಲೆ ಹೋದ ತುಂಡುಗಳ ಕಥೆ, ಹದಿನೆಂಟು ತೋಳುಗಳ ಕಥೆ, ಎಲ್ಲ. "ತಪ್ಪು ನಂದು. ನಿಮ್ಮ ಮೂಳೆ ಹಾಳು ಮಾಡಿದ್ದೂ ನಾನೇ, ನಿಮ್ಮನ್ನ ಎಲ್ಲರ ಮುಂದೆ ಕಳ್ಳಿ ಅಂದಿದ್ದೂ ನಾನೇ" ಎಂದಳು.

ಸರ್ವಮಂಗಳಾ ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವರು ಮೇಲೆ ಫ್ಯಾನು ನೋಡುತ್ತಾ ಮಲಗಿದ್ದರು. ಕೊನೆಗೆ ಕೇಳಿದರು, "ಖಂಡಿತವಾಗ್ಲೂ ನಾನು ತಿಂದಿರಲಿಲ್ವಾ?"

"ಇಲ್ಲ, ಅತ್ತಿಗೆಮ್ಮ! ನಿಮಗೇ ಗೊತ್ತಲ್ಲ?"

"ಮೊದಮೊದಲು ಗೊತ್ತಿತ್ತು. ಬೀಗ ಹಾಕಿದ ಮೇಲೂ ಅಂಕಿ ಏರಿತಲ್ಲ, ಆಮೇಲೆ ಗೊತ್ತಾಗ್ತಿರಲಿಲ್ಲ ಕಣೇ. ಡಯಾಲಿಸಿಸ್ ಮುಗಿಸಿ ಬಂದು ಮಲಗಿದ್ರೆ ಮೈಮೇಲೆ ಪ್ರಜ್ಞೇನೇ ಇರಲ್ಲ ನಂಗೆ. ನಿದ್ದೇಲಿ ಎದ್ದು ಎಲ್ಲಾದ್ರೂ ಹೋಗಿ ತಿಂತಿದ್ದೀನೇನೋ, ವಯಸ್ಸಾತು, ಬುದ್ಧಿ ನೆಟ್ಟಗಿಲ್ವೇನೋ ಅಂತ ಭಯ ಶುರುವಾತು." ಅವರು ಪ್ಲಾಸ್ಟರಿನ ಕೈಯನ್ನು ನೋಡಿಕೊಂಡರು. "ಅದಕ್ಕೇ ಮಲಗೋ ಮುಂಚೆ ಈ ಕೈಯನ್ನ ಹಳೇ ಸೀರೆ ಅಂಚಲ್ಲಿ ಮಂಚದ ಕಾಲಿಗೆ ಕಟ್ಕೊಂತಿದ್ದೆ. ಆವತ್ತು ಬಾಗಿಲು ಬಡಿದ ಸದ್ದಾತು. ಕಟ್ಟಿರೋದು ಮರೆತು ದಡಬಡ ಎದ್ದೆ. ಒಂದು ಸಣ್ಣ ಜಗ್ಗು ಅಷ್ಟೇ. ಲಟ್ ಅಂತು."

"ಬಚ್ಚಲಲ್ಲಿ ಜಾರಿದೆ ಅಂದ್ರಿ?"

"ಏನಂತ ಹೇಳಲಿ ತಮ್ಮನಿಗೆ? ಕಳ್ಳಿ ಅಂತ ನನ್ನ ನಾನೇ ಕಟ್ಟಿಹಾಕ್ಕೊಂಡಿದ್ದೆ ಅಂತಲಾ? ಹಲ್ಲಲ್ಲಿ ಗಂಟು ಬಿಚ್ಚಿ, ಆಮೇಲೆ ಫೋನ್ ಮಾಡಿದೆ."

ಶಾಂಭವಿ ಮಂಚದ ಅಂಚಿಗೆ ಹಣೆ ಒತ್ತಿ ಅತ್ತಳು. ಸರ್ವಮಂಗಳಾ ಸಮಾಧಾನ ಮಾಡಲಿಲ್ಲ, ತಡೆಯಲೂ ಇಲ್ಲ. ಅಳು ಒಂದು ಹದಕ್ಕೆ ಬಂದ ಮೇಲೆ ಹಳೆಯ ಪಿ.ಟಿ. ಟೀಚರ ದನಿಯಲ್ಲಿ ಕೇಳಿದರು.

"ಇನ್ನೆಷ್ಟು ಜನ ಇದಾರೆ ನನ್ನಂಗೆ?"

"ನಾನೂರ ಹನ್ನೊಂದು."

"ಅವರಿಗೆ ಹೇಳಿದೀಯಾ?"

ಶಾಂಭವಿ ತಲೆ ತಗ್ಗಿಸಿದಳು. ತಾಂತ್ರಿಕ ಕಾರಣದ ಮೆಸೇಜಿನ ವಿಷಯ ಹೇಳಿದಳು. ಹೇಳುವುದರೊಳಗೆ ಅವಳಿಗೇ ಅಸಹ್ಯವಾಯಿತು. ಆ ಜನ ತಮ್ಮ ಮೂಳೆ ಎಂಥದಾಗಿದೆ ಎಂದು ಗೊತ್ತಿಲ್ಲದೆ ಬಸ್ಸು ಹತ್ತುತ್ತಿದ್ದರು, ಮೊಮ್ಮಕ್ಕಳನ್ನು ಎತ್ತುತ್ತಿದ್ದರು. ಅವರಲ್ಲಿ ಎಷ್ಟು ಮನೆಯಲ್ಲಿ ಮೊಸರಿನ ಪಾತ್ರೆ ಬಚ್ಚಿಟ್ಟಿದ್ದರೋ, ಎಷ್ಟು ಮಕ್ಕಳು ಸೊಸೆಯರು ಕಣ್ಣು ಕೆಂಪಗೆ ಮಾಡಿದ್ದರೋ.

"ನಂಗೆ ಹೇಳಿದ್ಯಲ್ಲ, ಅಷ್ಟು ಸಾಲ್ದು" ಎಂದರು ಸರ್ವಮಂಗಳಾ. "ನಾನು ಮನೆಯೋಳು, ಕ್ಷಮಿಸ್ತೀನೋ ಬಿಡ್ತೀನೋ ಆಮೇಲೆ ನೋಡೋಣ. ಅವರಿಗೆ ಮೊದಲು ಹೇಳು. ಮೆಸೇಜ್ ಗಿಸೇಜ್ ಅಲ್ಲ. ಬಾಯಲ್ಲಿ."

ಶಾಂಭವಿ ಎದ್ದು ಮುಖ ತೊಳೆದುಕೊಂಡಳು. ಸಂಶೋಧನಾ ಕೇಂದ್ರದ ಎಥಿಕ್ಸ್ ಕಮಿಟಿಗೆ ಎಲ್ಲವನ್ನೂ ಬರೆದು ಕಳಿಸಿದಳು, ನಾಡಿಗೇರ ಸರ್‌ಗೆ ಒಂದು ಪ್ರತಿ. ಐದೇ ನಿಮಿಷದಲ್ಲಿ ಅವರ ಫೋನು ಬಂತು. ಎತ್ತಲಿಲ್ಲ. ಅತ್ತಿಗೆಯ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು, ರೋಗಿಗಳ ಹೆಸರುಗಳ ಪಟ್ಟಿ ತೊಡೆಯ ಮೇಲಿಟ್ಟುಕೊಂಡು, ಮೊದಲ ಹೆಸರಿನ ನಂಬರು ಒತ್ತಿದಳು. ಜಗಳೂರಿನ ಕಡೆಯ ಒಬ್ಬರು, ಕೆಂಚವೀರಪ್ಪ, ಅರವತ್ತೆಂಟು ವರ್ಷ.

"ಹಲೋ, ಯಾರ್ರೀ?"

"ನಮಸ್ಕಾರ. ನಾನು ಶಾಂಭವಿ ಅಂತ. ನಿಮ್ಮ ತೋಳಲ್ಲಿರೋ ತೋಳಬಂದಿ ಮಾಡಿದೋಳು."

"ಓಹ್, ಮೇಡಮ್ಮೋರು! ಅದು ಮೂರು ದಿನದಿಂದ ಸುಮ್ಮಗೈತ್ರಿ. ಕೆಟ್ಟೈತೇನು?"

"ಈಗ ಕೆಟ್ಟಿಲ್ಲ. ಮೊದಲಿಂದಲೂ ತಪ್ಪಿತ್ತು. ಅದು ತೋರಿಸಿದ ಅಂಕಿ ಸುಳ್ಳು. ತಪ್ಪು ನಂದು. ಅದರಿಂದ ನಿಮಗೆ ಬೇಡದೇ ಇದ್ದ ಔಷಧಿ ಹೋಗಿದೆ, ನಿಮ್ಮ ಮೂಳೆ ಬಲ ಕಳಕೊಂಡಿರಬಹುದು. ಭಾರ ಎತ್ತಬೇಡಿ, ಜಾರೋ ಕಡೆ ಓಡಾಡಬೇಡಿ. ನಾಳೆನೇ ಡಾಕ್ಟರ ಹತ್ರ ಹೋಗಿ, ನಾನೂ ಅವರ ಜೊತೆ ಮಾತಾಡ್ತೀನಿ."

"ಆತ್ರಿ, ಹೋಗ್ತೀನಿ" ಎಂದರು ಕೆಂಚವೀರಪ್ಪ.

"ಮತ್ತೆ ಇನ್ನೊಂದು" ಎಂದಳು ಶಾಂಭವಿ. "ಕೆಂಪು ಬಂದಾಗ ನೀವು ಪಥ್ಯ ಮುರಿದಿದ್ದೀರಿ ಅಂತ ಯಾರಾದ್ರೂ ಅಂದಿದ್ರೆ, ಅದೂ ಸುಳ್ಳು. ಕೆಂಪು ಬಂದಿದ್ದು ನೀವು ತಿಂದಿದ್ದಕ್ಕಲ್ಲ."

ಮುದುಕರ ದನಿ ಮೊದಲಿಗಿಂತ ಸಣ್ಣದಾಗಿ ಬಂತು.

"ಮೇಡಮ್ಮೋರೆ, ಒಂದು ಉಪಕಾರ ಮಾಡ್ತೀರೇನ್ರಿ? ಒಂದು ನಿಮಿಷ ತಡೀರಿ, ಮನೆಯೋರ್ನೆಲ್ಲ ಕರೀತೀನಿ. ಫೋನು ಜೋರಾಗಿ ಇಡ್ತೀನಿ. ಈಗ ಹೇಳಿದ್ರಲ್ಲ ಕಡೇ ಮಾತು, ಅದೊಂದನ್ನ ಇನ್ನೊಂದು ಸಲ ಹೇಳ್ರಿ."

"ಹೇಳ್ತೀನಿ. ಕರೀರಿ."

ಮುದುಕರು ಒಬ್ಬೊಬ್ಬರ ಹೆಸರು ಹಿಡಿದು ಕೂಗುವುದು ಕೇಳಿಸಿತು. ಮಗನನ್ನು ಕರೆದರು, ಸೊಸೆಯನ್ನು ಕರೆದರು, ಮೊಮ್ಮಗಳನ್ನು ಕರೆದರು. ಪಕ್ಕದ ಮನೆಯ ಯಾರನ್ನೋ ಕೂಡ ಬಾ ಎಂದರು. ಚಪ್ಪಲಿಗಳ ಸದ್ದು, ಒಂದು ಕುರ್ಚಿ ಎಳೆದ ಸದ್ದು. ಸರ್ವಮಂಗಳಾ ದಿಂಬಿನ ಮೇಲೆ ತಲೆ ತಿರುಗಿಸಿ ಶಾಂಭವಿಯನ್ನೇ ನೋಡುತ್ತಿದ್ದರು.

"ಎಲ್ಲಾರೂ ಬಂದ್ರು" ಎಂದರು ಕೆಂಚವೀರಪ್ಪ. "ಹೇಳ್ರಿ ಈಗ. ಗಟ್ಟಿಯಾಗಿ ಹೇಳ್ರಿ."